ಒಂದೂವರೆ ವರ್ಷ ಗ್ಲೂಕೋಸ್ ಆ್ಯಪ್ ಬಳಸಿದ ಮೇಲೆ: ರಾತ್ರಿ ಎರಡು ಗಂಟೆಯ ತಕರಾರು

ಹಗಲೂ ರಾತ್ರಿ ಸಕ್ಕರೆ ಮಟ್ಟ ಅಳೆಯುವ ಸೆನ್ಸರ್ ಬಗ್ಗೆ ಬರೆಯುವುದಿಲ್ಲ. ತೋಳಿಗೆ ಅಂಟಿಸಿಕೊಂಡವರಿಗೆ ಅದೆಲ್ಲ ಗೊತ್ತು. ನನ್ನ ಜಗಳ ಅದರ ಲೆಕ್ಕ ಬಿಡಿಸುವ ಆ್ಯಪ್ ಜೊತೆ.

ಕಳೆದ ಜುಲೈ. ಮಡಿಕೇರಿ ಮಳೆ, ಎರಡು ಕಂಬಳಿಯ ಚಳಿ. ರಾತ್ರಿ ಎರಡಕ್ಕೆ ಫೋನ್ ಅರಚಿಕೊಂಡಿತು: ಸಕ್ಕರೆ 58, ತೀರಾ ಕಮ್ಮಿ. ಕರೆಂಟ್ ಇರಲಿಲ್ಲ, ಆ ತಿಂಗಳು ಯಾವಾಗ ಇತ್ತು! ಹೆಂಡತಿ ಟಾರ್ಚ್ ಹಿಡಿದು ಸಕ್ಕರೆ ನೀರು ತಂದಳು. ಕುಡಿದೆ. ಮಾರನೇ ರಾತ್ರಿಯೂ ಅದೇ. ಮೂರನೇ ಸಲ ಅವಳು, "ಮೊದಲು ಬೆರಳು ಚುಚ್ಚಿ ನೋಡಿ" ಅಂದಳು. ನೋಡಿದರೆ 112.

ನಾನು ಎಡ ಮಗ್ಗುಲಿಗೆ ಮಲಗುವವನು. ಸೆನ್ಸರ್ ಇದ್ದದ್ದೂ ಎಡತೋಳಿನಲ್ಲೇ. ಮೈಭಾರಕ್ಕೆ ಆ ಜಾಗ ಒತ್ತಿಹೋದರೆ ಸುಳ್ಳು ಲೋ, ಅಂದರೆ ಇಳಿಯದ ಸಕ್ಕರೆಯನ್ನು ಇಳಿದಂತೆ ತೋರಿಸುತ್ತದೆ. ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿಗೆ ಗೆರೆ ತಾನಾಗೇ ಮೇಲೇರುತ್ತದೆ.

ಇದೇನು ಹೊಸ ವಿಷಯವಲ್ಲ. ಆದರೂ ಆ ಹೊತ್ತಿನ ಲೆಕ್ಕವನ್ನು ಬದಿಗಿಡಲು ಆ್ಯಪ್‌ನಲ್ಲಿ ದಾರಿಯೇ ಇಲ್ಲ. 14 ದಿನದ ವರದಿಯಲ್ಲಿ 70ಕ್ಕಿಂತ ಕೆಳಗಿದ್ದ ಹೊತ್ತು ಶೇ 6 ಅಂತ ಕೆಂಪಗೆ ಬಂತು. ಸಾಮಾನ್ಯವಾಗಿ ಶೇ 4ರ ಒಳಗಿರಬೇಕು. ಡಾಕ್ಟರು ಅದನ್ನು ನೋಡಿ ರಾತ್ರಿ ಮಾತ್ರೆ ಕಮ್ಮಿ ಮಾಡಲು ಹೊರಟಿದ್ದರು. ಬೆರಳಿನ ಲೆಕ್ಕ ಬರೆದಿಟ್ಟ ಚೀಟಿ ಜೇಬಿನಲ್ಲಿತ್ತು, ಬಚಾವಾದೆ. ಈಗ ಸಿಎಸ್‌ವಿ ಫೈಲ್ (ಸಕ್ಕರೆ ಲೆಕ್ಕದ ಉದ್ದ ಪಟ್ಟಿ) ಇಳಿಸಿಕೊಂಡು, ಆ ಸಾಲುಗಳಿಗೆ ನಾನೇ ಹಳದಿ ಬಣ್ಣ ಹಚ್ಚುತ್ತೇನೆ. ಅಳಿಸುವುದಿಲ್ಲ. ನಿಜವಾದ ಲೋ ಒಂದು ಅದರಲ್ಲೇ ಅಡಗಿದ್ದರೆ?

ಹಾಗಂತ ಆ್ಯಪ್ ತೆಗೆದುಹಾಕಲೂ ಮನಸ್ಸು ಬರುವುದಿಲ್ಲ. ಬೆಳಿಗ್ಗೆ ಬೆಲ್ಲ ಹಾಕದ ಕರಿಕಾಫಿ (ಇನ್ನೂ ಒಗ್ಗಿಲ್ಲ) ಹಿಡಿದು ಜಗಲಿಯಲ್ಲಿ ಕೂತು, 14 ದಿನವನ್ನೂ ಒಂದರ ಮೇಲೊಂದು ಹಾಸಿದ ಆ ಚಿತ್ರ ನೋಡುವುದೇ ಒಂದು ಚಟ. ನಡುವೆ ದಪ್ಪ ಗೆರೆ, ಅದರ ಸುತ್ತ ನೀಲಿ ಪಟ್ಟಿ. ಪಟ್ಟಿ ಎಲ್ಲಿ ಅಗಲವಾಗಿದೆಯೋ ಆ ಹೊತ್ತಿಗೆ ನನ್ನ ಸಕ್ಕರೆ ದಿನಕ್ಕೊಂದು ಥರ. ಒಂದೊಂದೇ ದಿನ ಬಿಡಿಸಿಯೂ ನೋಡಬಹುದು. ಕೈಲ್ ಪೊಳ್ದ್ ಹಬ್ಬದ ದಿನ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಸಾರು). ಎರಡು ಗಂಟೆ ಬಿಟ್ಟು ನೋಡಿದಾಗ 150. ಮೊದಲಾಗಿದ್ದರೆ ಅಷ್ಟಕ್ಕೇ ಖುಷಿಪಟ್ಟು ಇನ್ನೆರಡು ಕಡಂಬುಟ್ಟು ಹಾಕಿಸಿಕೊಳ್ಳುತ್ತಿದ್ದೆ. ಗೆರೆ ಮಾತ್ರ ನಾಲ್ಕನೇ ಗಂಟೆಗೆ 236ಕ್ಕೆ ಹತ್ತಿತ್ತು. ಕೊಬ್ಬು ಜಾಸ್ತಿ ಇದ್ದರೆ ಅನ್ನದಂಥದ್ದು ನಿಧಾನಕ್ಕೆ ಜೀರ್ಣವಾಗುತ್ತದೆ ಅಲ್ವಾ, ಏರಿಕೆಯೂ ತಡವಾಗಿ ಬರುತ್ತದೆ. ಅಂದಹಾಗೆ ತಿಂಡಿ ಪಟ್ಟಿಯಲ್ಲಿ ಕಡಂಬುಟ್ಟು ಇಲ್ಲ. ಸುಮ್ನೆ ಇಡ್ಲಿ ಅಂತ ಒತ್ತಿ, ಕೆಳಗೆ ಟಿಪ್ಪಣಿ ಬರೆಯುತ್ತೇನೆ.

ಆ್ಯಪ್ ಬಿಟ್ಟಿ, ಸೆನ್ಸರ್ ಅಲ್ಲ. ಕಾಫಿ ಮಾರಿದಾಗ ಮಾತ್ರ ದುಡ್ಡು ನೋಡುವವನು ನಾನು. ಮೂರು ತಿಂಗಳಿಗೊಂದು ಸೆನ್ಸರ್ ಹಾಕಿಸುತ್ತೇನೆ. ಮಾತ್ರೆಯಲ್ಲಿರುವ ನನಗೆ ಅಷ್ಟು ಸಾಕು. ಇನ್ಸುಲಿನ್ ತೆಗೆದುಕೊಳ್ಳುವವರು ನನ್ನ ಲೆಕ್ಕ ಹಿಡಿಯಬೇಡಿ.

ಆ್ಯಪ್ಗೆ ನನ್ನ ಅಂಕ ಐದಕ್ಕೆ ಮೂರು. ಸೆನ್ಸರ್ ಈಗ ಬಲತೋಳಿಗೆ ಬಂದಿದೆ, ಫೋನ್ ಅರಚುವುದು ನಿಂತಿದೆ. ಹೆಂಡತಿ ಮಾತ್ರ ಈಗಲೂ ಎರಡು ಗಂಟೆಗೆ ಎದ್ದು ಒಮ್ಮೆ ನೋಡಿಯೇ ಮಲಗುತ್ತಾಳೆ.