ಪೆಟ್ರೋಲಾ, ಸಿಎನ್‌ಜಿಯಾ? ಮಂಗಳೂರಿನಲ್ಲಿ ಎರಡನ್ನೂ ಓಡಿಸಿದ ಮೇಲಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೆಟ್ರೋಲಿಗೆ. ಅದೂ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ. "ಲೀಟರಿಗೆ ನೂರು ದಾಟಿದೆ, ಈಗ ಪೆಟ್ರೋಲ್ ಗಾಡಿ ಯಾರು ತಗೊಳ್ತಾರೆ ಮಾರಾಯ?" ಅಂತ ಆಫೀಸಿನಲ್ಲಿ ಹೇಳದವರಿಲ್ಲ. ಆದರೂ ತಗೊಂಡೆ, ಖುಷಿಯಲ್ಲೇ ಇದ್ದೇನೆ.

ಸಿಎನ್‌ಜಿ ಓಡಿಸದೆ ಹೀಗೆ ಹೇಳುತ್ತಿಲ್ಲ. ಭಾವ ಕೆಲಸದ ಮೇಲೆ ಮಸ್ಕತ್‌ಗೆ ಹೋದಾಗ ಅವರ ಸಿಎನ್‌ಜಿ ಕಾರು ನಮ್ಮ ಅಂಗಳದಲ್ಲಿತ್ತು. "ಸುಮ್ನೆ ನಿಂತ್ರೆ ಹಾಳಾಗ್ತದೆ, ಓಡಿಸ್ತಾ ಇರಿ ಭಾವ" ಅಂದಿದ್ದರು. ಒಂದಿಡೀ ಮಳೆಗಾಲ ಓಡಿಸಿದೆ. ಕುಲಶೇಖರದಿಂದ ಲಾಲ್‌ಬಾಗಿಗೆ ಆಫೀಸು, ತಿಂಗಳಿಗೆ ಒಂದೆರಡು ಸಲ ಹೆಂಡತಿಯ ತವರು ಕಾರ್ಕಳ. ಎಲ್ಲ ಸೇರಿ ತಿಂಗಳಿಗೆ 500 ಕಿ.ಮೀ. ಆಸುಪಾಸು. ಈ 500 ನೆನಪಿಟ್ಟುಕೊಳ್ಳಿ, ಉಳಿದ ಲೆಕ್ಕ ಎಲ್ಲ ಇದರ ಮೇಲೆಯೇ ನಿಂತಿದೆ.

ನಮ್ಮ ಸೆಖೆಗೆ ಎಸಿ ಇಲ್ಲದೆ ಆಗುವುದಿಲ್ಲ. ಎಸಿ ಹಾಕಿ, ನಂತೂರಿನಲ್ಲಿ ನಿಂತು ನಿಂತು ಹೋದರೆ ನನ್ನ ಪೆಟ್ರೋಲ್ ಗಾಡಿಗೆ ಕಿ.ಮೀ.ಗೆ ಸುಮಾರು ಆರೂವರೆ ರೂಪಾಯಿ ಬೀಳುತ್ತದೆ. ಭಾವನ ಗಾಡಿಗೆ ಮೂರೂವರೆ ಬೀಳುತ್ತಿತ್ತು. ಮೂರು ರೂಪಾಯಿ ಉಳಿಯಿತು, ಅಲ್ವಾ? ಸರಿ. ಆದರೆ ಅದೇ ಮಾದರಿಯ ಹೊಸ ಕಾರನ್ನು ಸಿಎನ್‌ಜಿಯಲ್ಲಿ ಕೇಳಿದರೆ ಹೊಸ ಪೆಟ್ರೋಲ್ ಕಾರಿಗಿಂತ ಸುಮಾರು 90 ಸಾವಿರ ಜಾಸ್ತಿ. ನಮ್ಮ ರಾಜ್ಯದ ಜೀವಾವಧಿ ರಸ್ತೆ ತೆರಿಗೆ ಗಾಡಿಯ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಬೀಳುವುದರಿಂದ ಆ 90 ಸಾವಿರಕ್ಕೂ ತೆರಿಗೆ ಕಟ್ಟಬೇಕು. ತೆರಿಗೆ ಬಿಟ್ಟು ನೋಡಿದರೂ ಹಾಕಿದ ದುಡ್ಡು ವಾಪಸ್ ಬರಲು 30,000 ಕಿ.ಮೀ. ಓಡಬೇಕು. ನನ್ನ ಓಟಕ್ಕೆ ಐದು ವರ್ಷ. ಭಾವ ಊರಲ್ಲಿದ್ದಾಗ ದಿನಾ ಉಡುಪಿಯಿಂದ ಮಂಗಳೂರಿಗೆ ಬಂದು ಹೋಗುವವರು, ಅವರಿಗೆ ಒಂದೇ ವರ್ಷ. ಅವರ ಆಯ್ಕೆ ಅವರಿಗೆ ನೂರಕ್ಕೆ ನೂರು ಸರಿ.

ಇನ್ನು ಗ್ಯಾಸ್ ತುಂಬಿಸುವ ಕತೆ. ನನ್ನ ತಲೆ ಕೆಟ್ಟದ್ದು ಇಲ್ಲಿಯೇ.

2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಪೈಪ್‌ಲೈನ್ ಉದ್ಘಾಟನೆ ಆದಾಗ ಇನ್ನು ನಮಗೆ ಗ್ಯಾಸಿನ ಬರ ಇಲ್ಲ ಅಂದುಕೊಂಡಿದ್ದೆವು. 450 ಕಿ.ಮೀ. ಉದ್ದದ ಪೈಪು, ಸಣ್ಣ ಕೆಲಸ ಅಲ್ಲ. ಆದರೆ ಎಲ್ಲ ಬಂಕಿನ ಅಡಿಗೂ ಪೈಪು ಬರುವುದಿಲ್ಲ. ಪೈಪಿಲ್ಲದ ಬಂಕಿಗೆ ಗ್ಯಾಸ್ ಬರುವುದು ಲಾರಿಯಲ್ಲಿ, ಸಾಲಾಗಿ ಜೋಡಿಸಿದ ಸಿಲಿಂಡರ್‌ಗಳಲ್ಲಿ. ಲಾರಿ ಬಂದ ಹೊಸತರಲ್ಲಿ ಒತ್ತಡ ಚೆನ್ನಾಗಿರುತ್ತದೆ. ಗಾಡಿಗಳಿಗೆ ತುಂಬಿಸುತ್ತಾ ಹೋದಂತೆ ಇಳಿಯುತ್ತದೆ. ಕಾರಿನ ಸಿಲಿಂಡರ್ ಪೂರ್ತಿ ತುಂಬಬೇಕಾದರೆ 200 ಬಾರ್ ಒತ್ತಡ ಬೇಕು. ಅಷ್ಟು ಸಿಗದಿದ್ದರೆ ಮೀಟರ್ ಅರ್ಧದಲ್ಲೇ ನಿಲ್ಲುತ್ತದೆ. "ಪ್ರೆಶರ್ ಇಲ್ಲ ಸರ್, ಇಷ್ಟೇ ಹೋಗುದು" ಅನ್ನುತ್ತಾನೆ ಹುಡುಗ. ಅವನದೇನೂ ತಪ್ಪಿಲ್ಲ. ನಾನು ಮಾತ್ರ ಎರಡು ದಿನ ಬಿಟ್ಟು ಮತ್ತೆ ಅದೇ ಕ್ಯೂನಲ್ಲಿ.

ಕ್ಯೂ ಅಂದರೆ ರಿಕ್ಷಾಗಳ ಕ್ಯೂ. ಅವರಿಗೆ ಅದು ಹೊಟ್ಟೆಪಾಡು, ಮಧ್ಯೆ ನುಗ್ಗಲು ಮನಸ್ಸು ಬರುವುದಿಲ್ಲ, ಬಂದರೂ ಬಿಡುವುದಿಲ್ಲ. ಆಫೀಸು ಬಿಡುವ ಹೊತ್ತಿಗೆ ಬಾಲ ರಸ್ತೆಗೇ ಬಂದಿರುತ್ತದೆ, ಹಿಂದಿನಿಂದ ಸಿಟಿ ಬಸ್ಸಿನವನ ಹಾರ್ನ್ ಬೇರೆ. ನಮ್ಮ ಸರದಿ ಬಂದಾಗ ಒಳಗಿದ್ದವರೆಲ್ಲ ಇಳಿಯಬೇಕು, ಅದು ಸುರಕ್ಷತೆಯ ನಿಯಮ. ಬೇಕಾದದ್ದೇ. ಆದರೆ ಜುಲೈ ತಿಂಗಳ ಜಡಿಮಳೆಯಲ್ಲಿ ಗಂಟುನೋವಿನ ಅಮ್ಮನನ್ನು ಇಳಿಸಿ, ಕೊಡೆ ಹಿಡಿದು, ಮತ್ತೆ ಹತ್ತಿಸುವುದು ಒಂದು ಸಲ ಮಾಡಿ ನೋಡಿ. "ನಿನ್ನ ಮೂರು ರೂಪಾಯಿ ಉಳಿತಾಯ ನನ್ನ ಔಷಧಿಗೆ ಹೋಗ್ತದೆ" ಅಂದರು ಅಮ್ಮ.

ಬೆಳಗ್ಗೆ ಬೇಗ ಹೋದರೆ ಕ್ಯೂ ಕಡಿಮೆ, ಗ್ಯಾಸೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಬಿಸಿಲೇರಿದ ಮೇಲೆ ಗ್ಯಾಸ್ ಹಿಗ್ಗುವುದರಿಂದ ಅದೇ ಒತ್ತಡಕ್ಕೆ ತೂಕ ಕಮ್ಮಿ ತುಂಬುತ್ತದೆ. ಇದು ಗೊತ್ತಾದ ಮೇಲೆ ಕೆಲವು ದಿನ ಆರು ಗಂಟೆಗೇ ಎದ್ದು ಹೋದೆ. ಆಮೇಲೆ ಅನ್ನಿಸಿತು, ತಿಂಗಳಿಗೆ ಸಾವಿರದೈನೂರು ಉಳಿಸಲು ನನ್ನ ಬೆಳಗಿನ ನಿದ್ದೆ ಯಾಕೆ ಕೊಡಬೇಕು?

ಡಿಕ್ಕಿಯಲ್ಲಿ ಸಿಲಿಂಡರ್. ಕಾರ್ಕಳದಿಂದ ತೆಂಗಿನಕಾಯಿ ಗೋಣಿ, ಹಲಸಿನಹಣ್ಣು ತರುವವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ಮೂರು ವರ್ಷಕ್ಕೊಮ್ಮೆ ಆ ಸಿಲಿಂಡರ್ ಬಿಚ್ಚಿಸಿ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿಸಿ ಒತ್ತಡ ತಡೆಯುತ್ತದಾ ಅಂತ ನೋಡುವ ಪರೀಕ್ಷೆ, ಮಾಡಿಸಬೇಕು. ಅವಧಿ ಮುಗಿದರೆ ಗ್ಯಾಸ್ ತುಂಬಿಸುವಂತಿಲ್ಲ.

ಸಿಎನ್‌ಜಿಗಾಗಲಿ ಪೆಟ್ರೋಲಿಗಾಗಲಿ ರಿಯಾಯಿತಿ ಇಲ್ಲದ ಖರ್ಚು ಎಂದರೆ ನಮ್ಮ ಮಳೆ ಮತ್ತು ಉಪ್ಪುಗಾಳಿ. ಬೆಂಗಳೂರಿನ ಗೆಳೆಯರಿಗೆ ಇದು ಅರ್ಥವೇ ಆಗುವುದಿಲ್ಲ. ಕೆಳಭಾಗಕ್ಕೆ ಕೋಟಿಂಗ್, ಮಳೆಗೆ ಮುಂಚೆ ವೈಪರ್, ಬ್ರೇಕ್ ಕ್ಲೀನಿಂಗ್, ಬಾನೆಟ್ಟಿನೊಳಗೆ ಬೆಚ್ಚಗೆ ಮಲಗಿ ವಯರ್ ಕಡಿಯುವ ಇಲಿಗಳು. ವಿಮೆಯಲ್ಲಿ ಥರ್ಡ್ ಪಾರ್ಟಿ ಪಾಲು 1000 ಸಿಸಿ ಒಳಗಿನ ಗಾಡಿಗೆ 2,094 ರೂಪಾಯಿ, ಅದರ ಮೇಲೆ 1500 ಸಿಸಿ ತನಕ 3,416, ಜೊತೆಗೆ ಜಿಎಸ್‌ಟಿ. ಇದು 2022ರಲ್ಲಿ ನಿಗದಿಯಾದ ದರ. ನನ್ನದು 1000 ಸಿಸಿ ಒಳಗಿನದು, ಅಲ್ಲೂ ಸ್ವಲ್ಪ ಉಳಿಯಿತು. ಉಳಿದದ್ದನ್ನು ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ವಿಮೆಗೆ ಹಾಕಿದೆ. ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಬಂದ್ ಬಿದ್ದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಎಂಜಿನ್‌ಗೆ ನೀರು ಎಳೆದುಕೊಂಡರೆ ಸಾಮಾನ್ಯ ಪಾಲಿಸಿ ಕೈ ಎತ್ತುತ್ತದೆ.

ಟೋಲಿನ ವಿಷಯ ಭಾವನಂಥವರಿಗೆ. ಸುರತ್ಕಲ್ ಟೋಲ್ 2022ರ ಡಿಸೆಂಬರ್ 1ಕ್ಕೆ ನಿಂತಿತು, ಹೆಜಮಾಡಿಯದು ಇದೆ. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸಿನಲ್ಲಿ 200 ಸಲ ದಾಟಬಹುದು, ಶುರುವಾದಾಗ ಇದ್ದ 3,000 ರೂಪಾಯಿ ದರದಲ್ಲಿ ಸಲಕ್ಕೆ 15 ರೂಪಾಯಿ. ದಿನಾ ಹೋಗಿ ಬರುವವರಿಗೆ ಅದು ವರ್ಷ ಪೂರ್ತಿ ಬರುವುದಿಲ್ಲ, ಆದರೂ ಲಾಭವೇ.

ಎಲೆಕ್ಟ್ರಿಕ್ ಯಾಕಿಲ್ಲ ಅಂತ ಕೇಳುತ್ತೀರಿ. ಅದರ ಬೆಲೆ ನನ್ನ ಬಜೆಟ್ಟಿನ ಹತ್ತಿರವೂ ಇಲ್ಲ, ಮುಗಿಯಿತು.

ಹಂಪನಕಟ್ಟೆಗೆ ನಾನು ಕಾರೇ ತೆಗೆಯುವುದಿಲ್ಲ. ಪಾರ್ಕಿಂಗ್ ಹುಡುಕುತ್ತಾ ಸುತ್ತುವ ಬದಲು ಸ್ಟೇಟ್‌ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ ಹತ್ತಿದರೆ ಮುಗಿಯಿತು. ಇಲ್ಲಿ ಸಿಟಿ ಬಸ್ ಹೆಚ್ಚಿನವು ಖಾಸಗಿ, ಹಾಗಾಗಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಲ್ಲಿ ನಡೆಯುವುದಿಲ್ಲ. ಹೆಂಡತಿಗೂ ಟಿಕೆಟ್ ತೆಗೆಯಬೇಕು. ಆದರೂ ಕಾರಿಗಿಂತ ಅಗ್ಗ.

ತಿಂಗಳಿಗೆ ಸಾವಿರದೈನೂರು ಕಿ.ಮೀ. ದಾಟುವವರು, ಹೋಗಿ ಬರುವ ದಾರಿಯಲ್ಲೇ ಪೈಪ್‌ಲೈನ್ ಇರುವ ಬಂಕ್ ಸಿಕ್ಕುವವರು ಕಣ್ಣು ಮುಚ್ಚಿ ಸಿಎನ್‌ಜಿ ತಗೊಳ್ಳಿ. ನನ್ನ ಹಾಗೆ ಊರೊಳಗೇ ಓಡಾಡುವವರು ಹಳೆಯ ಪೆಟ್ರೋಲ್ ಗಾಡಿ ಹುಡುಕುವುದಾದರೆ ಮೊದಲು ಮೀಟರ್ ನೋಡಬೇಡಿ, ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ ಗಾಡಿಯನ್ನು ಮೇಲೆತ್ತಿಸಿ ಅಡಿ ನೋಡಿ. ಕಡಲ ಬದಿ ನಿಂತ ಗಾಡಿ ಎಷ್ಟು ಕಡಿಮೆ ಓಡಿದ್ದರೂ ಸೈಲೆನ್ಸರ್, ಸಸ್ಪೆನ್ಶನ್ ತುಕ್ಕು ತಿಂದಿರುತ್ತದೆ. ಅದನ್ನು ತೋರಿಸಿಯೇ ನಾನು ರೇಟು ಇಳಿಸಿದ್ದು.