ಖೋ ಖೋ ಅಂಕಣದ ಪಕ್ಕ ಎರಡು ಕೆಜಿ ಹೊತ್ತು: ಹಳೆಯ 70-200 ಲೆನ್ಸ್, ಹೊಸ ಆರ್10

ಮೊದಲೇ ಹೇಳಿಬಿಡುತ್ತೇನೆ, ನಾನು ಫೋಟೋಗ್ರಾಫರ್ ಅಲ್ಲ. ಮಗಳು ಏಳನೇ ಕ್ಲಾಸು, ಶಾಲೆಯ ಖೋ ಖೋ ಟೀಮಿನಲ್ಲಿದ್ದಾಳೆ. ಅವಳು ಆಡುವಾಗ ಅಂಕಣದ ಪಕ್ಕ ಮಣ್ಣಲ್ಲಿ ಕೂತು ಫೋಟೋ ತೆಗೆಯುವ ಅಮ್ಮ ನಾನು, ಅಷ್ಟೇ. ನಾಲ್ಕು ವರ್ಷ ಕ್ಯಾನನ್ 1500ಡಿ ಮತ್ತು ಅದರ ಡಬ್ಬದಲ್ಲೇ ಬಂದ 55-250 ಲೆನ್ಸ್ ಇಟ್ಟುಕೊಂಡು ಒದ್ದಾಡಿದೆ. ಕಳೆದ ಜೂನ್‌ನಲ್ಲಿ ಸೆಕೆಂಡ್ ಹ್ಯಾಂಡ್ 70-200 ಎಫ್/2.8 ಝೂಮ್ ಲೆನ್ಸ್ ತಗೊಂಡೆ (ಎಫ್ ಪಕ್ಕದ ನಂಬರ್ ಚಿಕ್ಕದಾದಷ್ಟೂ ಲೆನ್ಸ್ ಜಾಸ್ತಿ ತೆರೆದು ಜಾಸ್ತಿ ಬೆಳಕು ಬಿಡುತ್ತದೆ). ನಾಲ್ಕು ತಿಂಗಳು ಬಿಟ್ಟು ಕ್ಯಾನನ್ ಆರ್10 ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ ತಗೊಂಡೆ. ಒಟ್ಟು ಒಂದೂಕಾಲು ಲಕ್ಷದ ಮೇಲೆ ಆಯಿತು. ಮನೆಯವರು ಇನ್ನೂ ಪೂರ್ತಿ ಮಾತಾಡುತ್ತಿಲ್ಲ.

ನಮ್ಮದು ಮೈಸೂರು ಕಡೆ. ಜನವರಿ 2025ರಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತಲ್ಲ, ಗಂಡಸರು ಹೆಂಗಸರು ಎರಡೂ ಟೀಮಿನವರು ಗೆದ್ದು ಬಂದರು. ಹೆಂಗಸರ ಟೀಮಿನಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಅಲ್ಲಿಂದ ನಮ್ಮನೆಯಲ್ಲಿ ಬೇರೆ ಆಟದ ಮಾತೇ ಇಲ್ಲ. ಅದಕ್ಕೂ ಮುಂಚೆ ಸುಮ್ನೆ ಶಾಲೆಯ ಆಟ ಅಂತ ಆಡುತ್ತಿದ್ದವಳು ಈಗ ಬೆಳಗ್ಗೆ ಐದೂವರೆಗೆ ಎದ್ದು ಪ್ರಾಕ್ಟೀಸ್‌ಗೆ ಹೋಗುತ್ತಾಳೆ.

ಖೋ ಖೋ ಫೋಟೋ ತೆಗೆಯೋದು ಎಷ್ಟು ಕಷ್ಟ ಅಂತ ತೆಗೆದವರಿಗೇ ಗೊತ್ತು. ಕ್ರಿಕೆಟ್ ಆದರೆ ಬ್ಯಾಟ್ಸ್‌ಮನ್ ಒಂದು ಕಡೆ ನಿಂತಿರುತ್ತಾನೆ, ಫೋಕಸ್ ಮಾಡಿಟ್ಟುಕೊಂಡು ಕಾಯಬಹುದು. ಇಲ್ಲಿ ಎರಡು ಕಂಬದ ನಡುವೆ ಎಂಟು ಮಕ್ಕಳು ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಓಡುವವಳು ಅವರ ಮಧ್ಯೆ ಹಾವಿನ ಥರ ನುಸುಳುತ್ತಾಳೆ. ಅಟ್ಟಿಸಿಕೊಂಡು ಬರುವವಳು ‘ಖೋ’ ಅಂದ ತಕ್ಷಣ ಅಲ್ಲಿ ಕೂತಿದ್ದವಳು ಎದ್ದು ಓಡುತ್ತಾಳೆ, ಅಂದರೆ ನೀವು ಇಷ್ಟು ಹೊತ್ತು ಫೋಕಸ್ ಇಟ್ಟಿದ್ದ ಹುಡುಗಿ ಈಗ ಆಟದಲ್ಲೇ ಇಲ್ಲ, ಕೂತುಬಿಟ್ಟಳು. ಹಳೆಯ ಕ್ಯಾಮೆರಾದಲ್ಲಿ ನನಗೆ ಸಿಗುತ್ತಿದ್ದದ್ದು ಬೆನ್ನು, ಜಡೆ ಮತ್ತು ಧೂಳು.

1500ಡಿ ಕೆಟ್ಟ ಕ್ಯಾಮೆರಾ ಅಂತ ಹೇಳುತ್ತಿಲ್ಲ. ಹುಟ್ಟುಹಬ್ಬ, ಗೌರಿ ಹಬ್ಬ, ಟೂರು ಎಲ್ಲಕ್ಕೂ ಚೆನ್ನಾಗೇ ಇದೆ. ಆದರೆ ಅದರಲ್ಲಿ ಫೋಕಸ್ ಪಾಯಿಂಟ್ ಇರೋದೇ ಒಂಬತ್ತು, ಗಟ್ಟಿಯಾಗಿ ಕೆಲಸ ಮಾಡೋದು ನಡುವಿನದೊಂದೇ. ಸೆಕೆಂಡಿಗೆ ಮೂರು ಫೋಟೋ. ಕಂಬದ ಹತ್ತಿರ ಹುಡುಗಿ ಹಾರಿ ಬೀಳುವುದು ಅರ್ಧ ಸೆಕೆಂಡಿನ ಕೆಲಸ, ಅಷ್ಟರಲ್ಲಿ ಹಾರುವ ಮುಂಚಿನದೊಂದು, ಬಿದ್ದ ಮೇಲಿನದೊಂದು ಸಿಗುತ್ತದೆ. ನಡುವಿನದು ಇಲ್ಲ.

ಇನ್ನು ಬೆಳಕು. ಶಾಲೆಗಳ ಹೋಬಳಿ ಮಟ್ಟ, ತಾಲ್ಲೂಕು ಮಟ್ಟದ ಪಂದ್ಯಗಳು ನಡೆಯೋದು ಮಳೆಗಾಲದಲ್ಲಿ. ಮೋಡ. ಹತ್ತು ಗಂಟೆಗೆ ಶುರು ಅಂದದ್ದು ಭಾಷಣ, ಹಾರ, ತುರಾಯಿ ಎಲ್ಲ ಮುಗಿದು ಹನ್ನೆರಡಕ್ಕೆ ಶುರುವಾಗುತ್ತದೆ. ಫೈನಲ್ ಬರುವ ಹೊತ್ತಿಗೆ ಸಂಜೆ ಐದೂಮುಕ್ಕಾಲು. ಮುಖ್ಯವಾದ ಆಟ ನಡೆಯೋದು ಬೆಳಕೇ ಇಲ್ಲದ ಹೊತ್ತಲ್ಲಿ, ಅಲ್ವಾ? 55-250 ಲೆನ್ಸನ್ನು ಪೂರ್ತಿ ಝೂಮ್ ಮಾಡಿದರೆ ಎಫ್/5.6ಕ್ಕಿಂತ ಜಾಸ್ತಿ ತೆರೆದುಕೊಳ್ಳುವುದಿಲ್ಲ. ಆ ಸಂಜೆ ಬೆಳಕಲ್ಲಿ ಐಎಸ್ಒ (ಕಮ್ಮಿ ಬೆಳಕಲ್ಲೂ ಫೋಟೋ ಬೆಳ್ಳಗೆ ಬರಲು ಏರಿಸುವ ಸೆಟ್ಟಿಂಗ್) 6400 ಇಟ್ಟರೂ ಶಟರ್ ವೇಗ 1/250 ಸೆಕೆಂಡಷ್ಟೇ ಬರುತ್ತಿತ್ತು. ಓಡುವ ಮಗುವಿಗೆ 1/250 ಸಾಲದು, ಮುಖ ಸುಮಾರಾಗಿ ಬಂದರೂ ಕೈಕಾಲು ಹೊಗೆಯ ಥರ ಬರುತ್ತದೆ. ಅದೇ ಎಫ್/2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಅದೇ ಐಎಸ್ಒದಲ್ಲಿ 1/1000. ನಾನು ಲೆನ್ಸ್ ಮೊದಲು ತಗೊಂಡದ್ದು ಈ ಒಂದು ಲೆಕ್ಕದ ಮೇಲೆ.

ಅಂಗಡಿಯವರು ಮಾತ್ರ ಎಲ್ಲರೂ ಬಾಡಿ ಮೊದಲು ತಗೊಳ್ಳಿ ಮೇಡಂ ಅಂತಲೇ ಹೇಳಿದರು. ಹೊಸ ಬಾಡಿ ಮಾರಿದರೆ ಅವರಿಗೆ ಲಾಭ, ಹಳೆಯ ಲೆನ್ಸ್ ಹುಡುಕಿಕೊಡುವುದರಲ್ಲಿ ಏನಿದೆ.

ಹಳೆಯ ಲೆನ್ಸ್ ಕೊಳ್ಳುವ ಕಥೆ ಸ್ವಲ್ಪ ಹೇಳಲೇಬೇಕು. ಕ್ಯಾನನ್‌ನ ಈ ಇಎಫ್ 70-200 ಎಫ್/2.8 ಐಎಸ್ (ಇಎಫ್ ಅಂದರೆ 1500ಡಿಯಂಥ ಹಳೆಯ ಥರದ ಕ್ಯಾಮೆರಾಗಳ ಲೆನ್ಸ್, ಐಎಸ್ ಅಂದರೆ ಕೈ ನಡುಕ ತಡೆಯುವುದು) ಮೂರು ಸಲ ಬಂದಿದೆ: 2001ರದು, 2010ರ ಎರಡನೆಯದು, 2018ರ ಮೂರನೆಯದು. ಎರಡಕ್ಕೂ ಮೂರಕ್ಕೂ ಒಳಗಿನ ಗಾಜಿನ ಜೋಡಣೆ ಒಂದೇ, ಮೇಲಿನ ಲೇಪನ ಬದಲಾಗಿದೆ ಅಷ್ಟೇ. ಅದಕ್ಕೇ ನಾನು ಎರಡನೆಯದನ್ನೇ ಹುಡುಕಿದೆ. ಮೊದಲು ನೋಡಿದ ಲೆನ್ಸು ಹೊರಗಿನಿಂದ ಫಳಫಳ ಹೊಳೆಯುತ್ತಿತ್ತು. ಒಬ್ಬರೇ ಬಳಸಿದ್ದು ಮೇಡಂ, ಶೋಕೇಸ್‌ನಲ್ಲೇ ಇತ್ತು ಅಂದರು. ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದೆ. ಅಂಚಿನಲ್ಲಿ ಜೇಡರ ಬಲೆಯ ಎಳೆಯಂಥದ್ದು ಹರಡಿಕೊಂಡಿತ್ತು. ಫಂಗಸ್. ‘ಧೂಳು ಮೇಡಂ, ಒರೆಸಿದ್ರೆ ಹೋಗುತ್ತೆ’ ಅಂದರು. ಗಾಜಿನ ಒಳಗಿರುವ ಧೂಳನ್ನು ಯಾವ ಬಟ್ಟೆಯಲ್ಲಿ ಒರೆಸೋದು ಸ್ವಾಮಿ? ಶೋಕೇಸ್‌ನಲ್ಲೇ ಇಟ್ಟಿದ್ದಕ್ಕೇ ಅದು ಬಂದಿರೋದು. ಗಾಳಿ ಬೆಳಕು ಕಾಣದೆ ತೇವದಲ್ಲಿ ಮುಚ್ಚಿಟ್ಟರೆ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ.

ಕೊನೆಗೆ ಸಿಕ್ಕಿದ್ದು ಮದುವೆ ಫೋಟೋ ತೆಗೆಯುವವರೊಬ್ಬರ ಹತ್ತಿರ. ಅವರು ಎಲ್ಲ ಮಿರರ್‌ಲೆಸ್‌ಗೆ ಬದಲಾಯಿಸಿಕೊಂಡು (ಆರ್10 ಥರ ಒಳಗೆ ಕನ್ನಡಿ ಇಲ್ಲದ ಹೊಸ ಕ್ಯಾಮೆರಾ) ಹಳೆಯದನ್ನು ಮಾರುತ್ತಿದ್ದರು. ಬಿಳಿ ಬಣ್ಣ ಅಲ್ಲಲ್ಲಿ ಹೋಗಿತ್ತು, ಹುಡ್ ಗೀಚಿತ್ತು, ಗಾಜು ಮಾತ್ರ ಕನ್ನಡಿ. ನನ್ನ 1500ಡಿಗೇ ಹಾಕಿ, ಗೇಟಿನ ಮುಂದೆ ನಿಂತು ಎದುರಿಂದ ಬರುವ ಸ್ಕೂಟರ್‌ಗಳ ಐವತ್ತು ಫೋಟೋ ತೆಗೆದು ನೋಡಿದೆ. ಚೌಕಾಸಿ ಮಾಡಿ 68 ಸಾವಿರಕ್ಕೆ ಮುಗಿಸಿದೆವು.

ಆ ಮಳೆಗಾಲ ಪೂರ್ತಿ 1500ಡಿಗೆ ಇದೇ ಲೆನ್ಸ್. ಫೋಟೋಗಳು ಬೇರೆಯೇ ಆದವು. ಹಿಂದೆ ನಿಂತ ಬೈಕು, ಬ್ಯಾನರ್, ಕಡಲೆಕಾಯಿ ತಿನ್ನುವ ಜನ ಎಲ್ಲ ಮಸುಕಾಗಿ, ಮಗು ಮಾತ್ರ ಎದ್ದು ಕಾಣುತ್ತದೆ. ಕೈಕಾಲು ನಿಂತಿತು. ಆದರೆ ಹತ್ತರಲ್ಲಿ ಮೂರಕ್ಕೆ ಸರಿಯಾದ ಫೋಕಸ್. ಎಫ್/2.8ರಲ್ಲಿ ಫೋಕಸ್ ಒಂದು ಗೇಣು ತಪ್ಪಿದರೂ ಕ್ಷಮೆ ಇಲ್ಲ, ಮೂಗಿನ ಬದಲು ಹಿಂದಿನ ಹುಡುಗಿಯ ಕಿವಿ ಚೆನ್ನಾಗಿ ಬಂದಿರುತ್ತದೆ. ಆ ಬೇಜಾರಲ್ಲೇ ಅಕ್ಟೋಬರ್‌ನಲ್ಲಿ ಆರ್10.

ಇದು 2022ರ ಕ್ಯಾಮೆರಾ, ಹಳೆಯದರಂತೆ ಇದರದ್ದೂ 24 ಮೆಗಾಪಿಕ್ಸೆಲ್. ಐಎಸ್ಒ ಜಾಸ್ತಿ ಮಾಡಿದಾಗ ಬರುವ ಕಾಳು ಕಾಳು ಪೂರ್ತಿ ಮಾಯವಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವ್ಯತ್ಯಾಸ ಇದೆ, ಸಾವಿರಾರು ರೂಪಾಯಿಯಷ್ಟಿಲ್ಲ. ದುಡ್ಡು ಕೊಡೋದು ಫೋಕಸ್‌ಗೆ ಮತ್ತು ವೇಗಕ್ಕೆ. ಸೆಕೆಂಡಿಗೆ 15 ಫೋಟೋ, ಕಣ್ಣು ಹುಡುಕಿ ಹಿಡಿದುಕೊಳ್ಳುವ ಫೋಕಸ್. ಇಎಫ್ ಲೆನ್ಸ್ ಹಾಕಲು ಅಡಾಪ್ಟರ್ ಬೇಕು, ಅದರೊಳಗೆ ಗಾಜು ಏನೂ ಇಲ್ಲ, ಬರೀ ಟೊಳ್ಳು ಉಂಗುರ ಮತ್ತು ವಿದ್ಯುತ್ ಸಂಪರ್ಕ. ಫೋಕಸ್ ಸ್ವಲ್ಪವೂ ನಿಧಾನ ಆದ ಹಾಗೆ ನನಗೆ ಕಂಡಿಲ್ಲ.

ಮೊದಲ ದಿನ ಮಾತ್ರ ಅಳು ಬಂತು. ಕ್ಯಾಮೆರಾಗೆ ಮುಖ ಹುಡುಕೋದು ಗೊತ್ತು, ಸರಿ, ಆದರೆ ಖೋ ಖೋದಲ್ಲಿ ಅಲ್ಲಾಡದೆ ಚೆನ್ನಾಗಿ ಮುಖ ಕೊಟ್ಟು ಕೂತಿರುವವರು ಯಾರು? ಆ ಸಾಲಿನಲ್ಲಿ ಕೂತ ಮಕ್ಕಳು! ನನ್ನ ಮಗಳು ಅವರ ಹಿಂದೆ ಹಾದುಹೋದಳು, ಫೋಕಸ್ ತೋರಿಸುವ ಪೆಟ್ಟಿಗೆ ಟಣ್ ಅಂತ ಕೂತ ಹುಡುಗಿಯ ಕಣ್ಣಿಗೆ ಜಿಗಿಯಿತು, ಅಲ್ಲೇ ಕೂತಿತು. ಒಂದು ಆಟದಲ್ಲಿ ನಾನೂರು ಫೋಟೋ ತೆಗೆದಿದ್ದೆ, ಅದರಲ್ಲಿ ನೂರರಷ್ಟು ನಾಲ್ಕನೇ ಚೌಕದಲ್ಲಿ ಕೂತಿದ್ದ ಒಂದೇ ಹುಡುಗಿಯದು. ಯಾರ ಮಗಳೋ ಗೊತ್ತಿಲ್ಲ, ಪಾಪ, ಪ್ರತಿ ಫೋಟೋದಲ್ಲೂ ಚೆನ್ನಾಗಿ ಬಂದಿದ್ದಾಳೆ.

ಎರಡು ವಾರ ಸೆಟ್ಟಿಂಗ್ ಜೊತೆ ಗುದ್ದಾಡಿದ ಮೇಲೆ ಇದು ಸರಿಹೋಯಿತು. ಓಡುವವರ ಮೇಲೆ ಫೋಕಸ್ ಹೊಂದಿಸುತ್ತಲೇ ಇರುವ ಸರ್ವೋ ಎಎಫ್‌ನಲ್ಲಿ ಕೇಸ್ 2 ಇಟ್ಟೆ, ನಡುವೆ ಯಾರಾದರೂ ಅಡ್ಡ ಬಂದರೂ ಹಿಡಿದವರನ್ನೇ ಬಿಡದೆ ಹಿಂಬಾಲಿಸುವುದು ಅದು. ಜೊತೆಗೆ ಟ್ರ್ಯಾಕ್ ಮಾಡುವವರನ್ನು ಬದಲಾಯಿಸುವ ಆಯ್ಕೆಯೊಂದಿದೆ ಮೆನುವಿನಲ್ಲಿ, ಅದನ್ನು ಮೊದಲು ಹಿಡಿದವರಿಗೇ ಅಂಟಿಕೊಳ್ಳುವಂತೆ ಇಟ್ಟೆ. ಫೋಕಸನ್ನು ಶಟರ್ ಬಟನ್‌ನಿಂದ ತೆಗೆದು ಹಿಂದಿನ ಎಎಫ್-ಆನ್ ಬಟನ್‌ಗೆ ಹಾಕಿದೆ. ‘ಖೋ’ ಅಂದ ಕೂಡಲೇ ಹೆಬ್ಬೆರಳು ಎತ್ತಿ ಎದ್ದವಳ ಮೇಲೆ ಇಟ್ಟು ಮತ್ತೆ ಒತ್ತೋದು. ಕಿವಿ ಕೇಳಿದ್ದಕ್ಕೆ ಹೆಬ್ಬೆರಳು ಓಡಬೇಕು, ಅಭ್ಯಾಸಕ್ಕೆ ಹತ್ತು ಹನ್ನೆರಡು ಆಟ ಬೇಕಾಯಿತು. ಈಗ ಹತ್ತರಲ್ಲಿ ಏಳು ಸಿಗುತ್ತಿವೆ.

ಸೆಟ್ಟಿಂಗ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ಕೂರುವ ಜಾಗ. ಮೊದಲು ಅಂಕಣದ ಉದ್ದದ ಬದಿಯಲ್ಲಿ ಕೂರುತ್ತಿದ್ದೆ, ಅಲ್ಲಿಂದ ಕೂತವರೇ ಅಡ್ಡ. ಈಗ ಕಂಬದ ಹಿಂದೆ, ಲಾಬಿ (ಅಂಕಣದ ಸುತ್ತ ಬಿಟ್ಟಿರುವ ಖಾಲಿ ಜಾಗ) ಗೆರೆಯ ಆಚೆ, ಸ್ವಲ್ಪ ಓರೆಯಾಗಿ ನೆಲಕ್ಕೆ ಕೂರುತ್ತೇನೆ. ಕಂಬದ ಕಡೆಗೆ ಓಡಿ ಬರುವವರ ಮುಖ ನೇರ ಸಿಗುತ್ತದೆ, ಕಂಬ ಹಿಡಿದು ಕೈ ಚಾಚಿ ಬಾಗುವ ಆ ಒಂದು ಕ್ಷಣ ಪೂರ್ತಿ ಎದುರಿಗೆ. ಪಿಟಿ ಸರ್‌ಗಳನ್ನು ಮೊದಲೇ ಕೇಳಿಕೊಳ್ಳಿ, ನಿಂತುಕೊಂಡರೆ ಬೈಯುತ್ತಾರೆ, ಕೂತರೆ ಏನೂ ಅನ್ನಲ್ಲ.

ಎಲೆಕ್ಟ್ರಾನಿಕ್ ಶಟರ್ ಅಂತ ಒಂದಿದೆ, ಸದ್ದಿಲ್ಲದೆ ಸೆಕೆಂಡಿಗೆ 23 ತೆಗೆಯುತ್ತದೆ. ಆಸೆಪಟ್ಟು ಒಂದು ಆಟ ಪೂರ್ತಿ ಅದರಲ್ಲೇ ತೆಗೆದೆ. ಮನೆಗೆ ಬಂದು ನೋಡಿದರೆ ಕಂಬ ಎಲ್ಲ ವಾಲಿದೆ. ಹುಡುಗಿಯ ಜೊತೆ ಕ್ಯಾಮೆರಾ ತಿರುಗಿಸುವಾಗ ಸೆನ್ಸರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ, ಅಷ್ಟರಲ್ಲಿ ಕಂಬ ಜರುಗಿರುತ್ತದೆ. ನಮ್ಮತ್ತೆ ಆ ಫೋಟೋ ನೋಡಿ ‘ಕಂಬ ನೆಟ್ಟಗೆ ನೆಡಕ್ಕೂ ಬರಲ್ವಾ ಈ ಮೇಷ್ಟ್ರಿಗೆ’ ಅಂದರು. ಆಮೇಲೆ ಮೆಕ್ಯಾನಿಕಲ್ ಬಿಟ್ಟು ಬೇರೆ ಮುಟ್ಟಿಲ್ಲ. ಅದರ ಟಕಟಕ ಸದ್ದು ಜೋರು, ಬಯಲಲ್ಲಿ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ರಾ ಫೈಲಲ್ಲಿ (ಕುಗ್ಗಿಸದ ದೊಡ್ಡ ಫೈಲು) ತೆಗೆದರೆ ಸುಮಾರು ಎರಡು ಸೆಕೆಂಡಿಗೆ ಬಫರ್, ಅಂದರೆ ಕಾರ್ಡಿಗೆ ಹೋಗುವ ಮುಂಚೆ ಫೋಟೋ ಇಟ್ಟುಕೊಳ್ಳುವ ಜಾಗ, ತುಂಬಿ ಕ್ಯಾಮೆರಾ ಏದುಸಿರು ಬಿಡುತ್ತದೆ. ನಾನು ಜೆಪೆಗ್‌ನಲ್ಲೇ ತೆಗೆಯೋದು. ಕಾರ್ಡಿಗೆ ಒಂದೇ ಜಾಗ ಇದೆ. ಬ್ಯಾಟರಿ ಚಿಕ್ಕದು, ಒಂದು ದಿನದ ಪಂದ್ಯಕ್ಕೆ ಎರಡು ಬೇಕು, 1500ಡಿಯ ಬ್ಯಾಟರಿ ಇದಕ್ಕೆ ಆಗಲ್ಲ. ಬಾಡಿಯೊಳಗೆ ನಡುಕ ತಡೆಯುವ ವ್ಯವಸ್ಥೆ ಇಲ್ಲ, ಲೆನ್ಸಿನಲ್ಲಿದೆ, 1/1000ದಲ್ಲಿ ಅದರ ಯೋಚನೆಯೂ ಬೇಡ. ಇದೆಲ್ಲ ಬೇಕು ಅಂದರೆ ಆರ್7 ಇದೆ, ದುಡ್ಡೂ ಹಾಗೇ ಇದೆ.

ತೂಕದ್ದೇ ದೊಡ್ಡ ತಕರಾರು. ಲೆನ್ಸ್ ಒಂದೇ 1490 ಗ್ರಾಂ. ಬಾಡಿ, ಅಡಾಪ್ಟರ್ ಸೇರಿ ಎರಡು ಕೆಜಿ. ಪುಟಾಣಿ ಆರ್10 ಅದರ ಹಿಂದೆ ಆನೆಗೆ ಬಾಲ ಕಟ್ಟಿದ ಹಾಗೆ ಕಾಣುತ್ತದೆ. ಪಟ್ಟಿಯನ್ನು ಬಾಡಿಗೆ ಹಾಕಬೇಡಿ, ಲೆನ್ಸಿನ ಕೆಳಗಿನ ಪಾದಕ್ಕೆ ಹಾಕಿ. ಮೂರನೇ ಪಂದ್ಯದ ಹೊತ್ತಿಗೆ ನನಗೆ ಎಡ ಮಣಿಕಟ್ಟು ನೋವು ಬಂದು ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ತಗೊಂಡೆ, ಕೂತಾಗ ಅದನ್ನು ತೊಡೆ ಮೇಲೆ ಆನಿಸಿಕೊಂಡರೆ ಸಾಕು.

ನಿಮ್ಮ ಮಕ್ಕಳ ಆಟ ಬೆಳಗಿನ ಬಿಸಿಲಲ್ಲೇ ಮುಗಿಯುತ್ತದೆ ಅಂದರೆ ನನ್ನ ಲೆಕ್ಕ ನಿಮಗಲ್ಲ. ಆರ್10ಗೆ ಹಳೆಯ 55-250 ಹಾಕಿ ಒಂದು ಭಾನುವಾರ ಬೆಳಗ್ಗೆ ತೆಗೆದು ನೋಡಿದೆ, ಬಿಸಿಲಲ್ಲಿ ಸೊಗಸಾಗಿ ಬಂತು, ತೂಕವೂ ಇಲ್ಲ. ಅಂಥವರು ಬಾಡಿ ಮಾತ್ರ ತಗೊಂಡು ಸುಮ್ಮನಿರಿ. ಷಟಲ್ ಆಡುವ ಮಕ್ಕಳ ಅಪ್ಪ ಅಮ್ಮಂದಿರು 85 ಎಂಎಂ ಎಫ್/1.8 ನೋಡಿ, ಬರೀ 425 ಗ್ರಾಂ, ಬೆಲೆ 70-200ರ ಹತ್ತಿರಕ್ಕೂ ಬರಲ್ಲ, 2.8ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬೆಳಕು. ಒಳಾಂಗಣದಲ್ಲಿ ಕೆಲವು ಫೋಟೋ ಕಪ್ಪಗೆ, ಕೆಲವು ಹಳದಿಗೆ ಬಂದರೆ ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಆಂಟಿ-ಫ್ಲಿಕರ್ ಆನ್ ಮಾಡಿದರೆ ಬೆಳಕು ಏರಿದ ಹೊತ್ತು ನೋಡಿಕೊಂಡು ಶಟರ್ ಬೀಳುತ್ತದೆ.

ಬೇರೆ ಮಕ್ಕಳ ಫೋಟೋ ನಾನು ಎಲ್ಲೂ ಹಾಕಲ್ಲ, ಟೀಮಿನ ವಾಟ್ಸಾಪ್ ಗ್ರೂಪಿಗೆ ಮಾತ್ರ ಕಳಿಸುತ್ತೇನೆ. ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಅಷ್ಟು ಖರ್ಚು ಮಾಡಿ ತೆಗೆದದ್ದನ್ನು ವಾಟ್ಸಾಪ್ ಹಿಂಡಿ ಹಿಪ್ಪೆ ಮಾಡುತ್ತದೆ.

1500ಡಿ ಮಾರಲು ಹೋಗಿದ್ದೆ. ಅವರು ಹೇಳಿದ ಬೆಲೆ ಕೇಳಿ ವಾಪಸ್ ತಂದೆ. ಒಳ್ಳೆಯದೇ ಆಯಿತು, ಯಾಕೆಂದರೆ ಈ 70-200ರಲ್ಲಿ ಟೀಮಿನ ಗ್ರೂಪ್ ಫೋಟೋ ತೆಗೆಯಲು ಆಗಲ್ಲ. 70 ಅನ್ನೋದು ಈ ಚಿಕ್ಕ ಸೆನ್ಸರ್‌ನಲ್ಲಿ 112ರಷ್ಟು ಹತ್ತಿರ ಕಾಣುತ್ತದೆ. ಜಿಲ್ಲಾ ಮಟ್ಟದಲ್ಲಿ ಕಪ್ ಹಿಡಿದು ಹನ್ನೆರಡು ಮಕ್ಕಳು, ಇಬ್ಬರು ಸರ್‌ಗಳು ನಿಂತಿದ್ದರು, ನಾನು ಹಿಂದೆ ಹಿಂದೆ ಹೋಗಿ ಕಾಂಪೌಂಡ್ ಗೋಡೆಗೆ ಬೆನ್ನು ತಾಗಿಸಿದರೂ ಆ ತುದಿಯ ಸರ್ ಅರ್ಧಕ್ಕೆ ಕಟ್ ಆದರು. ಈಗ ಹಳೆಯ ಕ್ಯಾಮೆರಾ 18-55 ಹಾಕಿಕೊಂಡು ಬ್ಯಾಗಿನಲ್ಲೇ ಇರುತ್ತದೆ. ಇನ್ನೊಂದು ಏಳುನೂರು ಗ್ರಾಂ ಹತ್ತಿರ.