ಪಿಕಪ್ ಚಕ್ರಕ್ಕೆ ಸ್ಪ್ರೇ ಡಬ್ಬಿ: ಉಪ್ಪುಗಾಳಿಯ ಊರಿನಲ್ಲಿ ಎಷ್ಟು ಬಾಳಿಕೆ?

ಸಿ.ಎಫ್. ಟೆಸ್ಟು, ಅಂದರೆ ಗಾಡಿಯ ಫಿಟ್ನೆಸ್ ತಪಾಸಣೆ, ಹತ್ತಿರ ಬಂತೆಂದರೆ ತುಕ್ಕು ಹಿಡಿದ ಚಕ್ರದ ಡಿಸ್ಕಿನ ಮೇಲೆ ಎರಡು ಡಬ್ಬಿ ಸಿಲ್ವರ್ ಊದಿ ಗಾಡಿಯನ್ನು ಓಡಿಸಿಕೊಂಡು ಹೋಗುವುದು ನಮ್ಮ ಕಡೆ ಹೊಸತಲ್ಲ. ಆ ದಿನಕ್ಕೆ ಚಂದವೇ. ಜೂನಿನ ಮಳೆ ನಾಲ್ಕು ವಾರ ಹೊಯ್ದ ಮೇಲೆ ಅದೇ ಪೇಂಟು ಹಪ್ಪಳದ ಹಾಗೆ ಉಬ್ಬಿ ಏಳುತ್ತದೆ, ಬೈಗುಳ ಡಬ್ಬಿಗೆ ಬೀಳುತ್ತದೆ. ಸರಕು ಗಾಡಿಗೆ ಎಂಟು ವರ್ಷದವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್ನೆಸ್. ಒಂದು ಟೆಸ್ಟಿನಿಂದ ಮುಂದಿನದರವರೆಗೆ ನಿಲ್ಲದ ಪೇಂಟಿಗೆ ಹಾಕಿದ ದುಡ್ಡು ದಂಡ. ಈ ಒಂದೇ ಅಳತೆಯಲ್ಲಿ ಅಂಗಡಿಯ ಡಬ್ಬಿಗಳನ್ನು ನೋಡಿದರೆ ಸಿಗುವ ಉತ್ತರ ಇಷ್ಟು: ಡಬ್ಬಿ ಬಣ್ಣಕ್ಕೆ ಒಳ್ಳೆಯದು, ಪ್ರೈಮರಿಗೆ (ಬಣ್ಣದ ಕೆಳಗೆ ಹಾಕುವ ಮೊದಲ ಕೋಟಿಗೆ) ಸಾಲದು, ತುಕ್ಕನ್ನು ಮುಚ್ಚುವುದಕ್ಕಂತೂ ಅಲ್ಲವೇ ಅಲ್ಲ.

ಇಲ್ಲಿ ಹೇಳುವುದೆಲ್ಲ 15-16 ಇಂಚಿನ ಕಬ್ಬಿಣದ ಡಿಸ್ಕಿಗೆ, ಅಂದರೆ ಪಿಕಪ್ಪು ಬಗೆಯ ಗಾಡಿಗಳಿಗೆ. ಲಾಕ್ ರಿಂಗ್ (ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಬಿಡಿ ಬಳೆ) ಇರುವ ಲಾರಿ ಚಕ್ರವನ್ನು ಮನೆಯಂಗಳದಲ್ಲಿ ಮುಟ್ಟಬೇಡಿ. ಗಾಳಿ ತುಂಬಿದ ಟೈರಿನ ರಿಂಗಿಗೆ ಸುತ್ತಿಗೆ, ಗ್ರೈಂಡರ್ ತಾಗಿ ರಿಂಗು ಹಾರಿದರೆ ಮನುಷ್ಯ ಉಳಿಯುವುದಿಲ್ಲ. ಅದು ಟೈರಿನವರ ಕೆಲಸ.

ಅಂಗಡಿಯಲ್ಲಿ 400 ಮಿ.ಲೀ. ಆಸುಪಾಸಿನ ಡಬ್ಬಿಗಳು ಸಾಲಾಗಿ ಇರುತ್ತವೆ, ಬೆಲೆ ಹೆಚ್ಚು ಕಡಿಮೆ 200ರಿಂದ 300 ರೂಪಾಯಿ. ಬೇಕಾದದ್ದು ಸಾಮಾನ್ಯ ಅಕ್ರಿಲಿಕ್ ಸಿಲ್ವರ್, ‘ವೀಲ್ ಸಿಲ್ವರ್’ ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ಪಕ್ಕದಲ್ಲೇ ಕನ್ನಡಿಯಂತೆ ಹೊಳೆಯುವ ಮುಚ್ಚಳದ ‘ಕ್ರೋಮ್’ ಡಬ್ಬಿ ಕಣ್ಣು ಸೆಳೆಯುತ್ತದೆ. ಬಿಟ್ಟುಬಿಡಿ. ಅದು ಬೆರಳಿಗೆ ಅಂಟುತ್ತದೆ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಕೋಟು) ಹೊಡೆದರೆ ಹೊಳಪು ಸತ್ತು ಬೂದಿ ಬಣ್ಣವಾಗುತ್ತದೆ. ಇನ್ನೊಂದು ಮೋಸಹೋಗುವ ಜಾಗ ಸೈಲೆನ್ಸರಿಗೆ ಹೊಡೆಯುವ, 600 ಡಿಗ್ರಿ ತಾಳುತ್ತದೆಂದು ಬರೆದಿರುವ ಸಿಲ್ವರ್. ಬ್ರೇಕಿನ ಬಿಸಿಗೆ ಇದೇ ಸರಿ ಎಂದು ಕೊಳ್ಳುವವರಿದ್ದಾರೆ. ಆ ಪೇಂಟು ಗಟ್ಟಿಯಾಗಬೇಕಾದರೆ ಒಮ್ಮೆ 200 ಡಿಗ್ರಿ ಹತ್ತಿರ ಕಾಯಬೇಕು. ಚಕ್ರ ಅಷ್ಟು ಕಾಯುವುದಿಲ್ಲ, ಹಾಗಾಗಿ ಪೇಂಟು ಕೊನೆಯವರೆಗೂ ಮೆತ್ತಗೆ, ಸುಣ್ಣದಂತೆ ಉಜ್ಜಿದರೆ ಬರುವ ಹಾಗೆಯೇ ಉಳಿಯುತ್ತದೆ. ಸಾಮಾನ್ಯ ಅಕ್ರಿಲಿಕ್ಕೇ ಚಕ್ರದ ಬಿಸಿಗೆ ಸಾಕು.

ಒಂದು ಡಬ್ಬಿಗೆ ಎರಡು ಚಕ್ರದ ಮುಖ, ಮೂರು ತೆಳು ಕೋಟು ಎಂದು ಲೆಕ್ಕ ಇಡಿ. ಡಬ್ಬಿಯ ಮೇಲೆ ಇನ್ನೂ ಹೆಚ್ಚು ಬರೆದಿರಬಹುದು, ಅದು ಚಪ್ಪಟೆ ತಗಡಿಗೆ. ಗಾಳಿತೂತು ಇರುವ ಡಿಸ್ಕಿನಲ್ಲಿ ಒಳ್ಳೆಯ ಪಾಲು ತೂತಿನಿಂದಾಚೆ ಹೋಗುತ್ತದೆ. ಸ್ಟೆಪ್ನಿ ಸೇರಿ ಐದಕ್ಕೆ ಮೂರು ಡಬ್ಬಿ. ಹಿಂಬದಿಗೆ ಡಬ್ಬಿ ಸುರಿಯುವುದು ದಂಡ, ಅಲ್ಲಿಗೆ ಬ್ರಶ್ಶಿನಲ್ಲಿ ಪ್ರೈಮರು, ಅದರ ಮೇಲೆ ಕಪ್ಪು ಎನಾಮೆಲ್.

ಹಣ, ಸಮಯ ಎರಡನ್ನೂ ಹಾಕಬೇಕಾದದ್ದು ತುಕ್ಕು ತೆಗೆಯುವುದಕ್ಕೆ. ಮಂಜೇಶ್ವರ, ಕಾಸರಗೋಡು ಬಂದರಿನಿಂದ ಮೀನು ಸಾಗಿಸುವ ಪಿಕಪ್ಪುಗಳ ಹಿಂದಿನ ಚಕ್ರವನ್ನು ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಐಸು ಕರಗಿದ ಉಪ್ಪುನೀರು ಬಾಡಿಯ ಸಂದಿನಿಂದ ದಿನವೂ ಡಿಸ್ಕಿನ ಮೇಲೆ ತೊಟ್ಟಿಕ್ಕಿ, ರಿಮ್ಮಿನ ಅಂಚಿನ ಕೆಳಗೆ ಸಾಸಿವೆ ಗಾತ್ರದ ಗುಳಿಗಳು ಬಿದ್ದಿರುತ್ತವೆ. ಗುಳಿಯ ತಳದಲ್ಲಿ ಉಪ್ಪು ಕೂತಿದ್ದರೆ ಮೇಲೆ ಎಂಥ ಪೇಂಟು ಹಾಕಿದರೂ ಅದರ ಕೆಳಗೇ ತುಕ್ಕು ಬೆಳೆಯುತ್ತದೆ. ಮುರಕಲ್ಲು (ಕಟ್ಟಡದ ಕೆಂಪುಕಲ್ಲು) ಸಾಗಿಸುವ ಗಾಡಿಯದ್ದು ಬೇರೆ ರೋಗ: ಕೆಂಪು ಧೂಳು ಗ್ರೀಸಿನ ಜತೆ ಸೇರಿ ಕಲ್ಲಾಗಿರುತ್ತದೆ. ಅದು ತುಕ್ಕಲ್ಲ, ಆದರೆ ತುಕ್ಕಿನ ಬಣ್ಣವೇ ಆದ್ದರಿಂದ ಏನು ಹೋಯಿತು, ಏನು ಉಳಿಯಿತು ಎಂದು ತಿಳಿಯುವುದಿಲ್ಲ.

ಮೊದಲು ಸೋಪಿನ ನೀರು, ಆಮೇಲೆ ಬಾವಿನೀರಿನಲ್ಲಿ ಎರಡು ಸಲ ತೊಳೆದು ಒಣಗಿಸಿ. ಜಿಡ್ಡಿದ್ದರೆ ತಿನ್ನರ್ ಬಟ್ಟೆ. ಈ ಕ್ರಮ ತಿರುಗಿಸಬೇಡಿ. ಜಿಡ್ಡಿನ ಮೇಲೆ ಬ್ರಶ್ ಓಡಿಸಿದರೆ ಜಿಡ್ಡು ಗುಳಿಯೊಳಗೆ ಹೋಗಿ ಕೂರುತ್ತದೆ. ನಂತರ 4 ಇಂಚಿನ ಗ್ರೈಂಡರಿಗೆ ಕಪ್ ಬ್ರಶ್, ಕಣ್ಣಿಗೆ ಕನ್ನಡಕ ಕಡ್ಡಾಯ, ಯಾಕೆಂದರೆ ಬ್ರಶ್ಶಿನ ತಂತಿ ಮುರಿದು ಸೂಜಿಯಂತೆ ಹಾರುತ್ತದೆ. ಕಪ್ ಬ್ರಶ್ ತುಕ್ಕನ್ನು ಕೆಲವೊಮ್ಮೆ ತೆಗೆಯದೆ ತಿಕ್ಕಿ ಕಂದು ಹೊಳಪು ಕೊಡುತ್ತದೆ, ಮೋಸಹೋಗಬೇಡಿ. ಅದರ ಮೇಲೆ 80 ನಂಬರಿನ ಉಪ್ಪುಕಾಗದ (ಮರಳುಕಾಗದ) ಹಾಕಿದರೆ ನಿಜ ಬಣ್ಣ ಹೊರಬರುತ್ತದೆ. ಗುಳಿಯೊಳಗೆ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ಡಿನ ರಸ್ಟ್ ಕನ್ವರ್ಟರ್, ಕೈಗೆ ಗ್ಲೌಸ್. ತುಕ್ಕು ಕಪ್ಪು-ಬೂದು ಆದ ಮೇಲೆ ಡಬ್ಬಿಯಲ್ಲಿ ಹೇಳಿದಂತೆ ತೊಳೆದೋ ಒರೆಸಿಯೋ ಒಣಗಿಸಿ. ಬಿಳಿ ಪುಡಿ ಉಳಿದರೆ ಪ್ರೈಮರು ಅದನ್ನು ಹಿಡಿಯುತ್ತದೆ, ಕಬ್ಬಿಣವನ್ನಲ್ಲ.

ಕಂಪೆನಿ ಪೇಂಟು ಗಟ್ಟಿ ಇರುವಲ್ಲಿ ಕಬ್ಬಿಣದವರೆಗೆ ಕೆರೆಯುವ ಹುಚ್ಚು ಬೇಡ. ಅದು ಒಲೆಯಲ್ಲಿ ಬೇಯಿಸಿದ ಕೋಟಿಂಗು, ಮನೆಯಲ್ಲಿ ಹಾಕುವ ಯಾವುದಕ್ಕಿಂತಲೂ ಗಟ್ಟಿ. ಅದರ ಮೇಲೆ 320ರ ವಾಟರ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ತುಕ್ಕಿನ ಜಾಗದ ಅಂಚನ್ನು ಬೆರಳಿಗೆ ಮೆಟ್ಟಿಲು ಸಿಗದ ಹಾಗೆ ಇಳಿಸಿದರೆ ಸಾಕು. ಬೋಳು ಕಬ್ಬಿಣ ನಮ್ಮ ಗಾಳಿಯಲ್ಲಿ ಒಂದು ರಾತ್ರಿ ಕಳೆದರೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಕೆರೆದ ದಿನವೇ ಪ್ರೈಮರು. ಐದೂ ಚಕ್ರ ಒಟ್ಟಿಗೆ ಬಿಚ್ಚದೆ ಒಂದು ದಿನಕ್ಕೆ ಮುಗಿಯುವಷ್ಟೇ ಹಿಡಿದುಕೊಳ್ಳಿ.

ಇನ್ನು ಅತಿ ಹೆಚ್ಚು ಕೆಲಸ ಕೆಡುವ ಜಾಗ. ಅಂಗಡಿಯಲ್ಲಿ ತುಕ್ಕಿಗೆ ಪ್ರೈಮರು ಎಂದು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ರೆಡ್ ಆಕ್ಸೈಡ್. ಒಳ್ಳೆಯದೇ, ಅಗ್ಗವೂ ಹೌದು, ಅರ್ಧ ಲೀಟರ್ ಐದು ಚಕ್ರಕ್ಕೆ ಧಾರಾಳ. ಆದರೆ ಅದು ಎಣ್ಣೆ ಜಾತಿಯದ್ದು, ಒಳಗಿನಿಂದ ಒಣಗಲು ದಿನಗಳು ಬೇಕು. ಡಬ್ಬಿಯ ಅಕ್ರಿಲಿಕ್ಕಿನಲ್ಲಿ ಇರುವುದು ಖಾರದ ತಿನ್ನರ್. ಸಂಜೆ ಪ್ರೈಮರು, ಮರುದಿನ ಬೆಳಿಗ್ಗೆ ಸಿಲ್ವರ್ ಎಂದು ಹೊಡೆದರೆ ಮೊದಲ ಕೋಟು ಚಂದ ಕೂರುತ್ತದೆ. ಎರಡನೆಯದು ಬಿದ್ದು ಒಂದೆರಡು ನಿಮಿಷಕ್ಕೆ ಕೆಳಗಿನ ಪ್ರೈಮರು ನೆನೆದು, ಕಾಯಿಸಿದ ಹಾಲಿನ ಕೆನೆ ಮುದುಡಿದಂತೆ ಇಡೀ ಮುಖ ಸುಕ್ಕುಗಟ್ಟುತ್ತದೆ. ಮತ್ತೆ ಎಲ್ಲ ಕೆರೆಯುವುದೊಂದೇ ದಾರಿ. ಬಿಸಿಲಿನ ದಿನಗಳಲ್ಲಾದರೂ ರೆಡ್ ಆಕ್ಸೈಡಿಗೆ ಮೂರ್ನಾಲ್ಕು ದಿನ ಕೊಡಿ. ಹೊಡೆಯುವ ಮುನ್ನ ತಿನ್ನರ್ ಅದ್ದಿದ ಬಟ್ಟೆಯನ್ನು ಹಿಂಬದಿಯ ಒಂದು ಮೂಲೆಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬಟ್ಟೆಗೆ ತುಸು ಕೆಂಪು ಬಂದರೆ ಪರವಾಗಿಲ್ಲ. ಪ್ರೈಮರು ಉಬ್ಬಿದರೆ, ಉಗುರಿಗೆ ಸಿಪ್ಪೆಯಂತೆ ಬಂದರೆ ಇನ್ನೂ ಕಾಯಬೇಕು. ಕಾಯಲು ಆಗದವರಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರೇ ಸರಿ. ಬೆಲೆ ಹೆಚ್ಚು, ಆದರೆ ಸುಕ್ಕಿನ ಭಯವಿಲ್ಲ, ಉಪ್ಪಿಗೂ ಅದೇ ಮೇಲು. ಮೀನಿನ ಗಾಡಿಗೆ ಬೇರೆ ಯೋಚನೆಯೇ ಬೇಡ. ಸ್ಪ್ರೇ ಡಬ್ಬಿಯ ಪ್ರೈಮರು ತೀರಾ ತೆಳು, ಗುಳಿಯ ತಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಬ್ರಶ್ಶಾದರೆ ತಿಕ್ಕಿ ತುಂಬಿಸುತ್ತದೆ.

ಟೈರು ಕಳಚದೆ ಹೊಡೆಯುವುದಾದರೆ ಸ್ವಲ್ಪ ಗಾಳಿ ಇಳಿಸಿ, ಹಳೆಯ ಇಸ್ಪೀಟು ಎಲೆಗಳನ್ನು ಒಂದರ ಮೇಲೊಂದು ಏರುವಂತೆ ರಿಮ್ಮು-ಟೈರಿನ ಸಂದಿಗೆ ಸಿಕ್ಕಿಸಿ. ಒಂದು ಕಟ್ಟು ಒಂದು ಚಕ್ರಕ್ಕೆ ಸಾಕು. ಗ್ರೀಸು ಬಳಿಯುವ ಉಪಾಯ ಬೇಡ, ಅದು ಹೇಗಾದರೂ ರಿಮ್ಮಿನ ಅಂಚಿಗೆ ತಾಗಿ ಅಲ್ಲಿ ಪೇಂಟು ನಿಲ್ಲುವುದಿಲ್ಲ. ವಾಲ್ವಿಗೆ ಟೇಪು.

ನಟ್ಟು ಕೂರುವ ಇಳಿಜಾರು ಬಾಯಿ, ಹಬ್ಬಿಗೆ (ಚಕ್ರವನ್ನು ಕೂರಿಸುವ ಗಾಡಿಯ ಭಾಗಕ್ಕೆ) ತಾಗುವ ಹಿಂಬದಿ ಮುಖ, ಇವೆರಡಕ್ಕೆ ಪೇಂಟು ಬೀಳಲೇಬಾರದು. ಒದ್ದೆ ಪೇಪರಿನ ಉಂಡೆ ತೂತಿಗೆ ತುರುಕಿ, ಹಿಂಬದಿಗೆ ಟೇಪು ಹಾಕಿ. ದಪ್ಪ ಪೇಂಟಿನ ಮೇಲೆ ನಟ್ಟು ಎಷ್ಟೇ ಬಿಗಿದರೂ ಓಡುವಾಗ ಆ ಪೇಂಟು ಅಪ್ಪಚ್ಚಿಯಾಗಿ ಬಿಗಿ ಸಡಿಲುತ್ತದೆ. ಕಾಸರಗೋಡಿನ ಬಳಿಯ ಚೆರ್ಕಳದ ಕಡೆ ಲೋಡು ಹೊತ್ತು ಏರು ಹತ್ತುವ ಗಾಡಿಗೆ ಚಕ್ರ ಅಲುಗಾಡುವುದೆಂದರೆ ಆಟವಲ್ಲ.

ಹೊಡೆಯುವ ಕ್ರಮಕ್ಕೆ ಹೆಚ್ಚು ಮಾತು ಬೇಡ. ಒಳಗಿನ ಗೋಲಿ ಸದ್ದು ಮಾಡತೊಡಗಿದ ಮೇಲೆ ಎರಡು ನಿಮಿಷ ಕುಲುಕಿ, ಸಿಲ್ವರಿನ ಪುಡಿ ತಳ ಹಿಡಿಯುವುದರಿಂದ ನಡುನಡುವೆಯೂ ಕುಲುಕಿ. ಒಂದು ಗೇಣು ದೂರ, ಗಾಳಿತೂತಿನ ಅಂಚುಗಳಿಗೆ ಮೊದಲು, ಮುಖಕ್ಕೆ ಆಮೇಲೆ. ಮೊದಲ ಕೋಟು ಬರೀ ಮಂಜು ಬಿದ್ದ ಹಾಗೆ, ಕೆಳಗಿನ ಕೆಂಪು ಕಾಣುತ್ತಿರಬೇಕು. ಹತ್ತು ನಿಮಿಷ ಬಿಟ್ಟು ಎರಡನೆಯದು, ಮೂರನೆಯದು. ಸಿಲ್ವರ್ ಒದ್ದೆಯಾಗಿ ಬಿದ್ದರೆ ಮೋಡ ಮೋಡವಾಗಿ ತೇಪೆ ಕಾಣುತ್ತದೆ. ಕೊನೆಯ ಕೋಟನ್ನು ಒಂದೂವರೆ ಗೇಣು ದೂರದಿಂದ ತೆಳುವಾಗಿ ಹಾಯಿಸಿದರೆ ಅದು ಸಮವಾಗುತ್ತದೆ. ಡಬ್ಬಿ ಮುಗಿಯುತ್ತ ಬಂದಾಗ ಉಗುಳುತ್ತದೆ, ಆ ಕೊನೆಯದನ್ನು ಮುಖಕ್ಕೆ ಬಳಸಬೇಡಿ. ಬೀಡಿ, ಒಲೆ, ಗ್ರೈಂಡರಿನ ಕಿಡಿ ಹತ್ತಿರ ಇರಬಾರದು, ಒಳಗಿರುವುದು ಹೊತ್ತುವ ಗ್ಯಾಸು.

ಮಳೆಗಾಲದಲ್ಲಿ ಹೊಡೆದರೆ ಸಿಲ್ವರ್ ಮೇಲೆ ಹಾಲು ಚೆಲ್ಲಿದಂತೆ ಬಿಳಿ ಮಸುಕು ಬರುತ್ತದೆ. ತಿನ್ನರ್ ಆರುವಾಗ ಕಬ್ಬಿಣ ತಣ್ಣಗಾಗಿ ಗಾಳಿಯ ಪಸೆ ಪೇಂಟಿನೊಳಗೇ ಕೂರುವುದು ಅದಕ್ಕೆ ಕಾರಣ. ಡಿಸೆಂಬರಿನಿಂದ ಫೆಬ್ರವರಿವರೆಗೆ, ಇಬ್ಬನಿ ಪೂರಾ ಆರಿದ ಮೇಲೆ, ನೆರಳಿನಲ್ಲಿ ಹೊಡೆಯುವುದೇ ಸರಿ. ಬಿಸಿಲಿನಲ್ಲಿ ಕಾದ ಡಿಸ್ಕಿಗೆ ಹೊಡೆದರೆ ಪೇಂಟು ಹರಡುವ ಮೊದಲೇ ಒಣಗಿ ಕೈಗೆ ರವೆಯಂತೆ ತಾಗುತ್ತದೆ.

ಕ್ಲಿಯರ್ ಇಲ್ಲದ ಸಿಲ್ವರ್ ಬೇಗ ಮಂಕಾಗುತ್ತದೆ, ಬಟ್ಟೆಗೆ ಬಿಡುತ್ತದೆ. ಸಾದಾ ಕ್ಲಿಯರಿಗೆ ಪೆಟ್ರೋಲು, ಬ್ರೇಕ್ ಆಯಿಲ್ ತಾಗಿದರೆ ಕರಗುತ್ತದೆ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಗಟ್ಟಿ ಬೇಕೆಂದರೆ ಒಳಗೇ ಹಾರ್ಡನರ್ ಇರುವ 2ಕೆ ಕ್ಲಿಯರ್, ಬೆಲೆ ಮೂರ್ನಾಲ್ಕು ಪಟ್ಟು. ತಳದ ಪಿನ್ನು ಒತ್ತಿದ ಮೇಲೆ ಒಂದೆರಡು ದಿನದೊಳಗೆ ಡಬ್ಬಿಯೊಳಗೇ ಗಟ್ಟಿಯಾಗುತ್ತದೆ. ಆದ್ದರಿಂದ ಚಕ್ರಗಳ ಸಿಲ್ವರ್ ಎಲ್ಲ ಮುಗಿಸಿ, ಉಳಿದದ್ದು ಕ್ಲಿಯರ್ ಒಂದೇ ಎಂದಾದ ದಿನ ಒತ್ತಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಏನನ್ನೂ ತಡೆಯುವುದಿಲ್ಲ. ಫಿಲ್ಟರ್ ಡಬ್ಬಿ ಇರುವ ಮಾಸ್ಕ್ ಇಲ್ಲದಿದ್ದರೆ ಸಾದಾ ಕ್ಲಿಯರಿನಲ್ಲೇ ತೃಪ್ತಿಪಡಿ.

ಬಣ್ಣದ ಆಯ್ಕೆಯಲ್ಲಿ ಹುಡುಗರ ಒಲವು ಮ್ಯಾಟ್ ಕಪ್ಪಿನತ್ತ. ಸ್ವಂತ ಕಾರಿಗೆ ಆಗಲಿ, ಲೋಡು ಗಾಡಿಗೆ ಬೇಡ. ನಟ್ಟು ಸಡಿಲಾದರೆ, ತೂತಿನ ಬಳಿ ಡಿಸ್ಕು ಬಿರಿದರೆ ಮೊದಲು ಕಾಣುವುದು ಅಲ್ಲಿಂದ ಹೊರಟ ತುಕ್ಕಿನ ಗೆರೆ. ಸಿಲ್ವರಿನ ಮೇಲೆ ಅದು ಹತ್ತಡಿ ದೂರದಿಂದ ಕಾಣುತ್ತದೆ, ಕಪ್ಪಿನ ಮೇಲೆ ಹುಡುಕಬೇಕು. ಕೆರೆಯುವಾಗಲೇ ಬಿರುಕು ಸಿಕ್ಕಿದರೆ ಪೇಂಟೂ ಬೇಡ, ವೆಲ್ಡಿಂಗೂ ಬೇಡ, ಡಿಸ್ಕನ್ನು ಗುಜರಿಗೆ ಹಾಕಿ.

ಮೂರು ಸಿಲ್ವರ್, ಎರಡು ಸಾದಾ ಕ್ಲಿಯರ್, ರೆಡ್ ಆಕ್ಸೈಡು, ತಿನ್ನರ್, ಕಪ್ ಬ್ರಶ್, ಪೇಪರು, ಟೇಪು ಸೇರಿ ಹತ್ತಿರ ಹತ್ತಿರ 2,000 ರೂಪಾಯಿ. ಎಪಾಕ್ಸಿ, 2ಕೆ ಎಂದು ಏರಿಸುತ್ತ ಹೋದರೆ ಖರ್ಚು ದುಪ್ಪಟ್ಟಾಗುತ್ತದೆ; ಆಗ ಪೌಡರ್ ಕೋಟಿಂಗಿನವರ (ಪುಡಿಬಣ್ಣ ಹಾಕಿ ಒಲೆಯಲ್ಲಿ ಬೇಯಿಸುವವರ) ರೇಟನ್ನೂ ಒಮ್ಮೆ ಕೇಳಿ. ಅಲ್ಲಿಗೆ ಟೈರು ಕಳಚಿಯೇ ಕೊಡಬೇಕು, ಆ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಿ.

ಹೊಡೆದ ಮರುದಿನವೇ ಚಕ್ರ ಕೂರಿಸುವ ಅವಸರ ಬೇಡ, ಪಾನೆ (ಸ್ಪ್ಯಾನರ್) ತಾಗಿದಲ್ಲೆಲ್ಲ ಪೇಂಟು ಒತ್ತಿ ಬರುತ್ತದೆ. ಎರಡು ಮೂರು ದಿನ ಬಿಟ್ಟು, ಗಾಳಿ ಸರಿಮಾಡಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪಾನೆ ಹಾಕಿ ನೋಡಿ. ಒಂದು ನಟ್ಟು ಮಾತ್ರ ಪದೇ ಪದೇ ಸಡಿಲುತ್ತಿದ್ದರೆ ಆ ಚಕ್ರ ಬಿಚ್ಚಿ, ಅದರ ಬಾಯಲ್ಲಿ ಪೇಂಟು ಉಳಿದಿದೆಯೇ ಎಂದು ಮೊದಲು ನೋಡಿ.